ಜೋಶ್ನಾ ಚಿನ್ನಪ್ಪ ಹತ್ತಿದ ಮೆಟ್ಟಿಲು: ಕೊಡಗಿನಲ್ಲಿ ಕೂತು ಎಷ್ಟು ಹತ್ತಬಹುದು?

ಗೋಣಿಕೊಪ್ಪ_ತೋಟ

ಅಕ್ಕನ ಮಗಳಿಗೆ ಈಗ 12 ವರ್ಷ. ಶಾಲೆಯಲ್ಲಿ ಹಾಕಿ ಆಡ್ತಾಳೆ, ಜೊತೆಗೆ ಕ್ಲಬ್ಬಿನ ಹಳೇ ಕೋರ್ಟಿನಲ್ಲಿ ವಾರಕ್ಕೆ ನಾಲ್ಕು ದಿನ ಸ್ಕ್ವಾಷ್. ಚೆಂಡಿನ ಮೇಲೆ ಕಣ್ಣು ಚೆನ್ನಾಗಿದೆ, ಕಾಲೂ ಚುರುಕು. ಮನೆಯ ಹಿರಿಯರು ಆಗಲೇ ‘ಇನ್ನೊಬ್ಬಳು ಜೋಶ್ನಾ ಚಿನ್ನಪ್ಪ’ ಅಂತ ಪಟ್ಟ ಕಟ್ಟಿಬಿಟ್ಟಿದ್ದಾರೆ. ಹೊಗಳಿಕೆ ಸಾಕಾಗಿದೆ, ಲೆಕ್ಕ ಬೇಕು.

ಭಾರತದ ಸ್ಕ್ವಾಷ್ ಆಟಗಾರ್ತಿ ಜೋಶ್ನಾ ಯಾವ ವಯಸ್ಸಿಗೆ ಯಾವ ಮೆಟ್ಟಿಲು ಹತ್ತಿದರು? ಅದರಲ್ಲಿ ಇಲ್ಲೇ ಇದ್ದು ಮಾಡಬಹುದಾದ್ದು ಎಷ್ಟು, ಊರು ಬಿಟ್ಟೇ ಮಾಡಬೇಕಾದ್ದು ಎಷ್ಟು? ಬಿಡೋದಾದರೆ ಯಾವಾಗ? ಇನ್ನೊಂದು: ನಮ್ಮ ಕೋರ್ಟಿನಲ್ಲಿ ಡಿಸೆಂಬರ್ ಬೆಳಿಗ್ಗೆ ಚೆಂಡು ಏಳೋದೇ ಇಲ್ಲ, ಜುಲೈ ಬಂತೆಂದರೆ ಗೋಡೆ ಬೆವರುತ್ತೆ. ಇದಕ್ಕೇನಾದರೂ ಮಾಡೋಕಾಗುತ್ತಾ? ತಿಳಿದವರು ಹೇಳಿ.


ಹಿಂಗೋಡೆ

ಮೊದಲು ಒಂದು ಭ್ರಮೆ ಕಳೆದುಕೊಳ್ಳೋಣ. ಜೋಶ್ನಾ ಕೊಡವ ಮನೆತನದವರು, ತಂದೆ ಅಂಜನ್ ಚಿನ್ನಪ್ಪ ಅವರಿಗೆ ಕೊಡಗಿನಲ್ಲಿ ಕಾಫಿ ತೋಟವಿದೆ, ಎಲ್ಲ ಸರಿ. ಆದರೆ ಅವರು ಹುಟ್ಟಿದ್ದು 1986ರ ಸೆಪ್ಟೆಂಬರ್ 15ರಂದು ಚೆನ್ನೈಯಲ್ಲಿ, ರ್‍ಯಾಕೆಟ್ ಹಿಡಿದದ್ದೂ ಅಲ್ಲೇ. ತಂದೆ ತಮಿಳುನಾಡು ತಂಡಕ್ಕೆ ಆಡಿದವರು, ಅವರೇ ಮೊದಲ ಗುರು. ಎಂಟು ವರ್ಷದ ಹೊತ್ತಿಗೆ ಮದ್ರಾಸ್ ಕ್ರಿಕೆಟ್ ಕ್ಲಬ್ಬಿನ ಕೋರ್ಟು, ಆಮೇಲೆ ಚೆನ್ನೈಯಲ್ಲೇ ತಲೆಯೆತ್ತಿದ ಸ್ಕ್ವಾಷ್ ಅಕಾಡೆಮಿ. ಅಲ್ಲಿ ಸೈರಸ್ ಪೊಂಚಾ, ಮಲೇಷ್ಯಾದಿಂದ ಬಂದ ಮಣಿಯಂ ಅವರಂಥ ಕೋಚ್‌ಗಳಿದ್ದರು. ‘ಕೊಡಗಿನ ರಕ್ತ’ ಅಂತ ನಾವು ಬೀಗೋದು ಬೀಗೋಣ, ಆದರೆ ಮನೆಯಲ್ಲೇ ಕೋಚ್, ಊರಲ್ಲೇ ಅಕಾಡೆಮಿ, ಎದುರಿಗೆ ದಿನಾ ಆಡೋಕೆ ದೇಶದ ಒಳ್ಳೆ ಆಟಗಾರರು, ಈ ಮೂರೂ ಒಟ್ಟಿಗೆ ಸಿಕ್ಕಿದ್ದು ಚೆನ್ನೈಯಿಂದ.

ಈಗ ಮೆಟ್ಟಿಲು. 2003ರಲ್ಲಿ ಬ್ರಿಟಿಷ್ ಜೂನಿಯರ್ ಓಪನ್‌ನ 17ರೊಳಗಿನ ಪ್ರಶಸ್ತಿ. 2005ರಲ್ಲಿ ಅದೇ ಟೂರ್ನಿಯ 19ರೊಳಗಿನ ಪ್ರಶಸ್ತಿ, ಅದೇ ವರ್ಷ ಬೆಲ್ಜಿಯಂನಲ್ಲಿ ವಿಶ್ವ ಜೂನಿಯರ್ ಫೈನಲ್. ಅಲ್ಲಿ ಸೋತದ್ದು ಈಜಿಪ್ಟಿನ ರನೀಮ್ ಎಲ್ ವೆಲಿಲಿ ಎದುರು. ಇಲ್ಲಿಗೆ ನಿಲ್ಲಿಸಿದರೆ ಎಲ್ಲರೂ ‘ಇನ್ನೇನು, ಎರಡು ವರ್ಷಕ್ಕೆ ವಿಶ್ವದ ಮೊದಲ ಹತ್ತರಲ್ಲಿ’ ಅಂತಲೇ ಹೇಳ್ತಾರೆ. ಆದದ್ದು ಬೇರೆ. ಜೋಶ್ನಾ ವಿಶ್ವ ರ್‍ಯಾಂಕಿಂಗ್‌ನಲ್ಲಿ ಹತ್ತನೇ ಸ್ಥಾನ ಮುಟ್ಟಿದ್ದು 2016ರ ಜುಲೈನಲ್ಲಿ, ಅಂದರೆ ಆ ಫೈನಲ್ ಆದ 11 ವರ್ಷಕ್ಕೆ, 29ನೇ ವಯಸ್ಸಿನಲ್ಲಿ. ಅವರನ್ನು ಸೋಲಿಸಿದ ರನೀಮ್ ಕೂಡ ನಂ. 1 ಆಗೋಕೆ 2015ರವರೆಗೆ ಕಾಯಬೇಕಾಯ್ತು. ಏಕೆಂದರೆ ಆ ಪೀಠದಲ್ಲಿ 2006ರಿಂದ ಮಲೇಷ್ಯಾದ ನಿಕೋಲ್ ಡೇವಿಡ್ ಕೂತಿದ್ದರು. ಅದೇ ನಿಕೋಲ್‌ರನ್ನು 2018ರಲ್ಲಿ ಎಲ್ ಗೌನಾದಲ್ಲಿ ಜೋಶ್ನಾ ಸೋಲಿಸಿದರು.

ಈ 11 ವರ್ಷದ ಭಾಗವನ್ನು ನಮ್ಮವರು ಯಾರೂ ಓದೋದಿಲ್ಲ, ನೀವು ಓದಬೇಕಾದ್ದು ಅದನ್ನೇ. ಮಂಡಿ ಗಾಯ, ಸಣ್ಣ ಟೂರ್ನಿಗಳ ಅಲೆದಾಟ, ಕ್ವಾಲಿಫೈಯಿಂಗ್ ಸುತ್ತುಗಳು. 2014 ತಿರುವಿನ ವರ್ಷ. ಅಮೆರಿಕದ ರಿಚ್ಮಂಡ್‌ನಲ್ಲಿ ಮಾಜಿ ವಿಶ್ವ ನಂ. 1 ರೇಚಲ್ ಗ್ರಿನಂ ಅವರನ್ನು ಸೋಲಿಸಿ ಪ್ರಶಸ್ತಿ, ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ದೀಪಿಕಾ ಪಳ್ಳಿಕಲ್ ಜೊತೆ ಡಬಲ್ಸ್ ಚಿನ್ನ. ಕಾಮನ್‌ವೆಲ್ತ್‌ನಲ್ಲಿ ಸ್ಕ್ವಾಷ್‌ನಿಂದ ಭಾರತಕ್ಕೆ ಸಿಕ್ಕ ಮೊದಲ ಪದಕವೇ ಅದು. 2017 ಮತ್ತು 2019ರಲ್ಲಿ ಏಷ್ಯನ್ ಚಾಂಪಿಯನ್. 2018ರ ಏಷ್ಯನ್ ಗೇಮ್ಸ್‌ನಲ್ಲಿ ಸಿಂಗಲ್ಸ್ ಕಂಚು, ತಂಡಕ್ಕೆ ಬೆಳ್ಳಿ. 2019ರಲ್ಲಿ 17ನೇ ರಾಷ್ಟ್ರೀಯ ಪ್ರಶಸ್ತಿ ಗೆದ್ದು ಭುವನೇಶ್ವರಿ ಕುಮಾರಿ ಅವರ 16ರ ದಾಖಲೆ ಮುರಿದರು, ಮರುವರ್ಷ 18. 2022ರಲ್ಲಿ ಗ್ಲಾಸ್ಗೋದಲ್ಲೇ ವಿಶ್ವ ಡಬಲ್ಸ್ ಚಿನ್ನ, ಮತ್ತೆ ದೀಪಿಕಾ ಜೊತೆಗೆ. 2013ರಲ್ಲಿ ಅರ್ಜುನ, 2024ರಲ್ಲಿ ಪದ್ಮಶ್ರೀ. 2025ರ ಅಕ್ಟೋಬರ್‌ನಲ್ಲಿ, 39 ತುಂಬಿದ ಮೇಲೆ, ಜಪಾನ್ ಓಪನ್ ಗೆದ್ದರು. ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಭಾರತ ಹಾಂಗ್‌ಕಾಂಗ್ ಎದುರು ವಿಶ್ವಕಪ್ ಗೆದ್ದಾಗ ತಂಡದಲ್ಲಿ ಅವರ ಜೊತೆ ಆಡಿದ ಅನಾಹತ್ ಸಿಂಗ್ ಹುಟ್ಟಿದ್ದು 2008ರಲ್ಲಿ.

ಹಾಗಾಗಿ ‘15ಕ್ಕೆ ದೇಶಕ್ಕೆ ಆಡಲಿಲ್ಲ, ಮುಗೀತು’ ಅನ್ನೋರ ಮಾತಿಗೆ ಸೊಪ್ಪು ಹಾಕಬೇಡಿ. ಹಾಗಂತ ತಳಪಾಯಕ್ಕೆ ಈ ರಿಯಾಯಿತಿ ಇಲ್ಲ. ಹೊಡೆತದ ಆಕಾರ ಮತ್ತು ಕಾಲಿನ ಚಲನೆ 13-14ರೊಳಗೆ ಕೂರಬೇಕು. ಆಮೇಲೆ ತಿದ್ದೋದು ಅಂದರೆ ಕಟ್ಟಿದ ಮನೆಯ ಅಡಿಪಾಯ ಕೀಳೋ ಕೆಲಸ.


ಮರದನೆಲ

ಕೋರ್ಟಿನ ಪ್ರಶ್ನೆಗೆ ನಾನು ಉತ್ತರಿಸ್ತೀನಿ. ಕೊನೆಗೆ ಕೇಳಿದ್ದೀರಿ, ಕೊಡಗಿನಲ್ಲಿ ಇದೇ ದೊಡ್ಡ ವಿಷಯ.

ಚೆಂಡು ಯಾಕೆ ಏಳಲ್ಲ ಅಂದರೆ, ಎರಡು ಹಳದಿ ಚುಕ್ಕಿಯ ಚೆಂಡು, ಅಂದರೆ ಪ್ರೊ ಚೆಂಡು, ಬಿಸಿಯಾದ ಮೇಲೆ ಆಡೋಕೆ ಅಂತ ಮಾಡಿದ್ದು. ಅಳತೆ ಹೀಗಿದೆ: 254 ಸೆಂ.ಮೀ. ಎತ್ತರದಿಂದ ಬಿಟ್ಟರೆ 23 ಡಿಗ್ರಿಯಲ್ಲಿ ಕನಿಷ್ಠ ಶೇ 12 ಏಳಬೇಕು, ಅಂದರೆ ಸುಮಾರು 30 ಸೆಂ.ಮೀ. 45 ಡಿಗ್ರಿಗೆ ಬಿಸಿಯಾದರೆ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು, 65 ಸೆಂ.ಮೀ. ಆಸುಪಾಸು. ಡಿಸೆಂಬರ್ ಬೆಳಿಗ್ಗೆ ಕೋರ್ಟಿನೊಳಗೆ 13-14 ಡಿಗ್ರಿ ಇದ್ದರೆ ಚೆಂಡು 30 ಸೆಂ.ಮೀ. ಕೂಡ ಏಳಲ್ಲ. ದೊಡ್ಡವರು ಐದು ನಿಮಿಷ ಜೋರಾಗಿ ಬಾರಿಸಿ ಬಿಸಿ ಮಾಡ್ತಾರೆ, 12ರ ಹುಡುಗಿಯ ತೋಳಿಗೆ ಅಷ್ಟು ಬಲ ಇರಲ್ಲ. ಬಿಸಿ ಮಾಡಿದರೂ ರ್‍ಯಾಲಿ ಚಿಕ್ಕದಾದರೆ ಮತ್ತೆ ತಣ್ಣಗಾಗುತ್ತೆ.

ಇದರಿಂದ ಆಗೋ ಹಾನಿ ಬರೀ ಬೇಸರ ಅಲ್ಲ. ಸತ್ತ ಚೆಂಡಿನಲ್ಲಿ ಕಲಿತ ಮಕ್ಕಳು ಚೆಂಡಿನ ಕೆಳಗೆ ಬಾಗಿ ಎತ್ತಿ ಎತ್ತಿ ಹೊಡೆಯೋದನ್ನು ರೂಢಿಸಿಕೊಳ್ತಾರೆ. ಹಿಂಗೋಡೆಯಿಂದ ತಿರುಗಿ ಬರೋ ಚೆಂಡನ್ನು ಆಡೋದೇ ಬರಲ್ಲ, ಯಾಕೆಂದರೆ ಇಲ್ಲಿ ಅದು ತಿರುಗಿ ಬರೋದೇ ಇಲ್ಲ. ಬೆಂಗಳೂರಿನಲ್ಲೋ ಚೆನ್ನೈಯಲ್ಲೋ ಟೂರ್ನಿಗೆ ಹೋದ ಮೊದಲ ದಿನ ಚೆಂಡು ಎದೆಮಟ್ಟಕ್ಕೆ ಬಂದಾಗ ಕೈಕಾಲು ಆಡಲ್ಲ.

ಪರಿಹಾರ ಸುಲಭ, ಚೆಂಡು ಬದಲಿಸಿ. ಡನ್ಲಪ್‌ನಲ್ಲಿ ಕೆಂಪು ಚುಕ್ಕಿಯದು ಪ್ರೊ ಚೆಂಡಿಗಿಂತ ಗಾತ್ರದಲ್ಲಿ ಶೇ 6 ದೊಡ್ಡದು, ಪುಟಿದ ಮೇಲೆ ಶೇ 20 ಹೆಚ್ಚು ಹೊತ್ತು ಗಾಳಿಯಲ್ಲಿರುತ್ತೆ. ಒಂದೇ ಹಳದಿ ಚುಕ್ಕಿಯದು ಗಾತ್ರದಲ್ಲಿ ಪ್ರೊ ಚೆಂಡಿನಷ್ಟೇ, ಗಾಳಿಯಲ್ಲಿ ಶೇ 10 ಹೆಚ್ಚು ಹೊತ್ತು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬೆಳಗಿನ ಅಭ್ಯಾಸಕ್ಕೆ ಕೆಂಪು, ಸಂಜೆಗೆ ಒಂಟಿ ಹಳದಿ. ಮಾರ್ಚ್-ಏಪ್ರಿಲ್ ಸೆಖೆಗೆ ಜೋಡಿ ಹಳದಿ ತೆಗೀರಿ. ಟೂರ್ನಿಗೆ ಎರಡು ವಾರ ಇರುವಾಗ ಏನೇ ಆದರೂ ಜೋಡಿ ಹಳದಿಗೆ ಬನ್ನಿ, ಚಳಿಯಿದ್ದರೆ ಮಧ್ಯಾಹ್ನ ಆಡಿಸಿ. ‘ಪ್ರೊ ಚೆಂಡಲ್ಲೇ ಆಡಬೇಕು, ಇಲ್ಲಾಂದ್ರೆ ಮಕ್ಕಳಾಟ’ ಅನ್ನೋ ಕ್ಲಬ್ ಹಿರಿಯರು ಎಲ್ಲ ಕಡೆ ಇದ್ದಾರೆ. ನಕ್ಕು ಸುಮ್ಮನಾಗಿ.

ಇನ್ನು ಗೋಡೆಯ ಬೆವರು. ಮಳೆಗಾಲದ ಬಿಸಿಲಿಲ್ಲದ ವಾರಗಳಲ್ಲಿ ಗೋಡೆಯ ಗಾರೆ ತಣ್ಣಗಿರುತ್ತೆ. ಹೊರಗಿನ ತೇವದ ಗಾಳಿ, ಆಟಗಾರರ ಉಸಿರು, ಬೆವರು ಎಲ್ಲ ಅದಕ್ಕೆ ತಾಗಿ ಹನಿಗಟ್ಟುತ್ತೆ. ಒದ್ದೆ ಗೋಡೆಗೆ ಬಡಿದ ಚೆಂಡು ಹಿಡಿತ ಸಿಗದೆ ಜಾರಿ ಕೆಳಮುಖವಾಗಿ ನುಗ್ಗುತ್ತೆ. ಅದು ಬರೀ ಆಟದ ತೊಂದರೆ. ನೆಲ ಒದ್ದೆಯಾದರೆ ಮಂಡಿಯ ತೊಂದರೆ. ಅಂಗೈ ಇಟ್ಟು ನೋಡಿ, ನೆಲಕ್ಕೆ ಪಸೆ ಇದ್ದರೆ ಅವತ್ತು ಕೋರ್ಟಿಗೆ ಬೀಗ.

ತಪ್ಪು ಮಾಡೋದು ಇಲ್ಲೇ: ‘ಗಾಳಿಯಾಡಲಿ’ ಅಂತ ಬಾಗಿಲು, ವೆಂಟಿಲೇಟರ್ ಎಲ್ಲ ತೆರೆದಿಡ್ತಾರೆ. ಜುಲೈನಲ್ಲಿ ಹೊರಗಿನ ಗಾಳಿಯೇ ತೇವದ್ದು, ಒಳಗೆ ಬಿಟ್ಟಷ್ಟೂ ಹನಿ. ಮಳೆ ಸುರಿಯುವಾಗ ಮುಚ್ಚಿಡಿ, ಆಟ ನಡೆಯುವಾಗ ಮಾತ್ರ ಮೇಲಿನ ಎಕ್ಸಾಸ್ಟ್ ಫ್ಯಾನ್ ನಿಧಾನಕ್ಕೆ ಓಡಲಿ. ಡಿಹ್ಯುಮಿಡಿಫೈಯರ್ ಇಡೋದಾದರೆ ಲೆಕ್ಕ ಹಾಕಿ ಇಡಿ. ಕೋರ್ಟು 9.75 ಮೀಟರ್ ಉದ್ದ, 6.40 ಅಗಲ, ಎತ್ತರ 6 ಅಂದುಕೊಂಡರೆ ಸುಮಾರು 375 ಘನ ಮೀಟರ್ ಗಾಳಿ. ಬೆಡ್‌ರೂಮಿಗೆ ಮಾರೋ ಯಂತ್ರ ಒಂದನ್ನಿಟ್ಟು ‘ಏನೂ ಉಪಯೋಗ ಇಲ್ಲ’ ಅಂತ ಬೈಯೋದರಲ್ಲಿ ಅರ್ಥವಿಲ್ಲ. ನೂರಿನ್ನೂರು ರೂಪಾಯಿಯ ತೇವಮಾಪಕ ಗೋಡೆಗೆ ನೇತುಹಾಕಿ, 65ರ ಮೇಲೆ ಹೋಗದ ಹಾಗೆ ನೋಡಿಕೊಳ್ಳಿ. ಗೋಡೆಗೆ ಎಣ್ಣೆ ಪೇಂಟ್ ಬಳಿದಿದ್ದರೆ ಎಷ್ಟು ಮಾಡಿದರೂ ಹನಿ ನಿಲ್ಲಲ್ಲ, ಗಾರೆಗೆ ಉಸಿರೇ ಇರಲ್ಲ.

ನೆಲದ ಹಲಗೆಗೆ ವಾರ್ನಿಷ್ ಹೊಡೆಸಬೇಡಿ. ಸ್ಕ್ವಾಷ್ ನೆಲವನ್ನು ಪಾಲಿಶ್ ಇಲ್ಲದೆ ಹಾಗೇ ಬಿಡೋದು ಬೆವರು ಹೀರಲಿ ಅಂತ. ಒದ್ದೆ ಬಟ್ಟೆಯಲ್ಲಿ ಒರೆಸೋದೂ ಬೇಡ, ಮಳೆಗಾಲದಲ್ಲಿ ಹಲಗೆ ಊದಿ ಅಂಚುಗಳು ಎದ್ದು ನಿಲ್ತವೆ. ಒಣ ಬ್ರಷ್ ಸಾಕು. ಹಲಗೆಯ ಕೆಳಗಿನ ರೀಪರ್‌ಗಳಿಗೆ ಗೆದ್ದಲು ಹತ್ತಿದೆಯಾ ಅಂತ ಮಳೆಗೆ ಮುಂಚೆ ಒಮ್ಮೆ ನೋಡಿಸಿ. ಹೆಜ್ಜೆ ಇಟ್ಟಾಗ ಒಂದು ಕಡೆ ಟೊಳ್ಳು ಸದ್ದು ಬಂದರೆ ಅನುಮಾನವೇ ಬೇಡ.


ಗೋಣಿಕೊಪ್ಪ_ತೋಟ

@ಮರದನೆಲ ಸರ್, ನಮ್ಮದು ಎಣ್ಣೆ ಪೇಂಟೇ. ಕ್ಲಬ್ಬಿನವರ ಹತ್ತಿರ ಮಾತಾಡ್ತೀನಿ.

@ಹಿಂಗೋಡೆ, 13-14ರೊಳಗೆ ತಳಪಾಯ ಅಂದ್ರಲ್ಲ, ಇಲ್ಲಿ ಪೂರ್ಣಾವಧಿ ಕೋಚ್ ಇಲ್ಲ. ವಾರಕ್ಕೆ ನಾಲ್ಕು ದಿನದಲ್ಲಿ ಏನು ಮಾಡಿಸಬೇಕು? ಹಾಕಿ ಬಿಡಿಸಬೇಕಾ?


ಟೀ_ಬಿಂದು

ಹಾಕಿ ಬಿಡಿಸಬೇಡಿ, 14ರವರೆಗೆ ಎರಡೂ ನಡೀಲಿ. ಹಾಕಿಯಿಂದ ಉಸಿರು ಬರುತ್ತೆ, ತಗ್ಗಿ ಓಡೋ ರೂಢಿ ಬರುತ್ತೆ. ಆದರೆ ಎರಡು ಅಭ್ಯಾಸ ಅಲ್ಲಿಂದ ಕೋರ್ಟಿಗೆ ನುಸುಳುತ್ತವೆ, ಅವನ್ನು ಹಿಡಿದು ನಿಲ್ಲಿಸಬೇಕು.

ಒಂದು, ಬೆನ್ನು ಬಗ್ಗಿಸೋದು. ಹಾಕಿಯಲ್ಲಿ ಚೆಂಡು ನೆಲದಲ್ಲಿ, ಸೊಂಟದಿಂದ ಬಾಗಿದರೆ ನಡೆಯುತ್ತೆ. ಸ್ಕ್ವಾಷ್‌ನಲ್ಲಿ ಬಾಗಬೇಕಾದ್ದು ಮಂಡಿ. ಮುಂದಿನ ಮೂಲೆಗೆ ಚಾಚುವಾಗ ಹಿಮ್ಮಡಿ ಮೊದಲು ನೆಲ ಮುಟ್ಟಲಿ, ಮಂಡಿ ಪಾದದ ನೇರಕ್ಕಿರಲಿ, ಎದೆ ಎದ್ದಿರಲಿ. ಮಂಡಿ ಒಳಕ್ಕೆ ವಾಲಿದರೆ ಅಲ್ಲೇ ಆಟ ನಿಲ್ಲಿಸಿ ತಿದ್ದಿ. ಎರಡು, ಹಿಡಿತ. ಎರಡು ಕೈಯ ಕೋಲು ಬೀಸಿ ಬಂದ ಮಣಿಕಟ್ಟು ಸಡಿಲವಾಗಿ ತೂಗುತ್ತೆ. ರ್‍ಯಾಕೆಟ್ ಹಿಡಿದಾಗ ಹೆಬ್ಬೆರಳು-ತೋರುಬೆರಳ ನಡುವಿನ ಕವಲು ಹಿಡಿಯ ಮೇಲಂಚಿಗೆ ಬರಬೇಕು, ಮಣಿಕಟ್ಟು ಎತ್ತಿ ನಿಂತಿರಬೇಕು, ರ್‍ಯಾಕೆಟ್ಟಿನ ತಲೆ ಮಣಿಕಟ್ಟಿಗಿಂತ ಮೇಲಿರಬೇಕು. ಫೋನಿನಲ್ಲಿ ಪಕ್ಕದಿಂದ ವಿಡಿಯೊ ತೆಗೆದು ನಿಲ್ಲಿಸಿ ನಿಲ್ಲಿಸಿ ನೋಡಿ, ಕೋಚ್ ಇಲ್ಲದಿದ್ದರೂ ಇಷ್ಟು ಕಾಣುತ್ತೆ.

ನಾಲ್ಕು ದಿನದಲ್ಲಿ ಎರಡು ದಿನ ಒಬ್ಬಳೇ ಆಡಲಿ. ಕೋಚ್ ಇಲ್ಲದ ಊರಲ್ಲಿ ಒಂಟಿ ಅಭ್ಯಾಸದಷ್ಟು ಬೆಲೆಬಾಳೋದು ಇನ್ನೊಂದಿಲ್ಲ, ಅದೃಷ್ಟಕ್ಕೆ ಸ್ಕ್ವಾಷ್ ಅದಕ್ಕೆ ಹೇಳಿ ಮಾಡಿಸಿದ ಆಟ. ನೇರ ಡ್ರೈವ್: ಪಕ್ಕದ ಗೋಡೆಗೆ ಅಂಟಿದ ಹಾಗೆ ಹೋಗಿ, ಸರ್ವೀಸ್ ಬಾಕ್ಸಿನ ಹಿಂದಿನ ಗೆರೆ ದಾಟಿದ ಕೂಡಲೇ ಮೊದಲ ಪುಟಿತ, ಎರಡನೆಯದು ಹಿಂಗೋಡೆಯ ಬುಡದಲ್ಲಿ. ಆ ಗೆರೆಯಿಂದ ಹಿಂಗೋಡೆಗೆ 2.7 ಮೀಟರ್ ಇರುತ್ತೆ, ಅಲ್ಲಿ ನೆಲಕ್ಕೆ ಒಂದು ಎ4 ಹಾಳೆ ಅಂಟಿಸಿ. ಬಿಡದೆ 30 ಡ್ರೈವ್ ಬಾಕ್ಸಿನ ಹಿಂದೆ ಬೀಳೋವರೆಗೆ ಬೇರೆ ಹೊಡೆತದ ಮಾತೇ ಬೇಡ, ಫೋರ್‌ಹ್ಯಾಂಡ್ ಬ್ಯಾಕ್‌ಹ್ಯಾಂಡ್ ಎರಡರಲ್ಲೂ. ಆಮೇಲೆ ಮುಂಗೋಡೆಯಿಂದ ಎರಡು ಮೀಟರ್ ದೂರ ನಿಂತು ಮೂಲೆಯಿಂದ ಮೂಲೆಗೆ ಎಂಟರ ಆಕಾರದ ವಾಲಿ, ಅಂದರೆ ಚೆಂಡು ನೆಲ ಮುಟ್ಟೋ ಮೊದಲೇ ಹೊಡೆಯೋದು. ಮೊದಲು 10 ಆದರೆ ಸಾಕು.

ಗೋಸ್ಟಿಂಗ್, ಅಂದರೆ ಚೆಂಡಿಲ್ಲದೆ ಟೀಯಿಂದ (ಕೋರ್ಟಿನ ನಡುವೆ ಗೆರೆಗಳು ಕೂಡೋ ಜಾಗ) ಆರು ಮೂಲೆಗೂ (ನಾಲ್ಕು ಮೂಲೆ, ಎರಡು ಪಕ್ಕ) ಓಡಿ ಹೊಡೆತದ ನಟನೆ ಮಾಡಿ ಹಿಂದಿರುಗೋದು, ವಾರಕ್ಕೆ ಎರಡು ಸಲ. 45 ಸೆಕೆಂಡ್ ಓಟ, 45 ಸೆಕೆಂಡ್ ಬಿಡುವು, ಎಂಟು ಸುತ್ತು. ಎಷ್ಟು ಮೂಲೆ ಮುಟ್ಟಿದಳು ಅಂತ ಎಣಿಸಬೇಡಿ, ಎಣಿಸಿದರೆ ಮಕ್ಕಳು ಚಾಚೋದನ್ನು ಕದೀತಾರೆ. ಪ್ರತಿ ಸಲ ಟೀಗೆ ಬಂದಾಗ ಎರಡೂ ಪಾದ ಪುಟಿದು ನಿಲ್ಲುತ್ತಾ ಅಂತ ನೋಡಿ. ಆ ಪುಟ್ಟ ಜಿಗಿತ ಎದುರಾಳಿಯ ರ್‍ಯಾಕೆಟ್ ಚೆಂಡಿಗೆ ತಾಗೋ ಕ್ಷಣಕ್ಕೆ ಸರಿಯಾಗಿ ಆದರೆ ಯಾವ ದಿಕ್ಕಿಗೂ ಒಂದು ಹೆಜ್ಜೆ ಉಳಿಯುತ್ತೆ.

ಉಳಿದೆರಡು ದಿನ ಪಂದ್ಯ. ಕ್ಲಬ್ಬಿನ ಅಂಕಲ್‌ಗಳ ಜೊತೆ ಆಡಲಿ, ಒಳ್ಳೆಯದೇ. ಅವರ ಡ್ರಾಪ್, ಬೋಸ್ಟ್, ಲಾಬ್ ಎದುರು ತಾಳ್ಮೆ ಬರುತ್ತೆ. ಆದರೆ 11 ಪಾಯಿಂಟಿನ ಗೇಮ್ ಪೂರ್ತಿ ಆಡಿಸೋ ಬದಲು, ನೆಲದ ಅಡ್ಡ ಗೆರೆಯ (ಶಾರ್ಟ್ ಲೈನ್) ಹಿಂದೆ ಬಿದ್ದ ಚೆಂಡು ಮಾತ್ರ ಲೆಕ್ಕ ಅನ್ನೋ ಗೇಮ್ ಆಡಿಸಿ. ಅಂಕಲ್‌ಗಳು ಗೊಣಗ್ತಾರೆ, ಹುಡುಗಿಗೆ ಲೆಂಗ್ತ್, ಅಂದರೆ ಚೆಂಡನ್ನು ಹಿಂದಕ್ಕೆ ಆಳವಾಗಿ ಕಳಿಸೋದು, ಬರುತ್ತೆ.

12-13ರಲ್ಲಿ ಹೆಣ್ಣುಮಕ್ಕಳು ದಿಢೀರಂತ ಉದ್ದ ಬೆಳೀತಾರೆ. ಹಿಮ್ಮಡಿ ಅಥವಾ ಮಂಡಿಚಿಪ್ಪಿನ ಕೆಳಗಿನ ಮೂಳೆ ನೋವು ಅಂದರೆ ಸೋಮಾರಿತನ ಅಂದುಕೊಳ್ಳಬೇಡಿ. ಮೂಳೆ ಬೆಳೆಯೋ ಜಾಗದಲ್ಲಿ ಸ್ನಾಯು ಎಳೆಯೋದರಿಂದ ಬರೋ ನೋವು ಅದು. ಓಟ ಅರ್ಧಕ್ಕಿಳಿಸಿ, ಹೊಡೆತದ ಅಭ್ಯಾಸ ಹಾಗೇ ಮುಂದುವರಿಸಿ. ವಾರಕ್ಕೆರಡು ಸಲ ಒಂಟಿಕಾಲಿನ ಸ್ಕ್ವಾಟ್, ತೊಡೆಯ ಹಿಂಭಾಗದ ವ್ಯಾಯಾಮ, ಎತ್ತರದಿಂದ ಜಿಗಿದು ಮೆತ್ತಗೆ ಇಳಿಯೋದು, ಹದಿನೈದು ನಿಮಿಷ ಸಾಕು.


ಪೊನ್ನಂಪೇಟೆ_ಅಣ್ಣ

ಒಂದು ವಿಷಯ ಯಾರೂ ಹೇಳಲಿಲ್ಲ, ಕಣ್ಣಿನ ರಕ್ಷಣೆ. ಚೆಂಡಿನ ವ್ಯಾಸ 40 ಮಿ.ಮೀ., ಕಣ್ಣಿನ ಗೂಡಿಗೆ ಸರಿಯಾಗಿ ಕೂರೋ ಅಳತೆ. ಜೂನಿಯರ್ ಟೂರ್ನಿಗಳಲ್ಲಿ ಐಗಾರ್ಡ್ ಇಲ್ಲದೆ ಕೋರ್ಟಿಗೆ ಬಿಡಲ್ಲ. ಪಾಲಿಕಾರ್ಬೊನೇಟ್ ಲೆನ್ಸಿನದೇ ಬೇಕು, ಓದೋ ಕನ್ನಡಕ ಇನ್ನೂ ಅಪಾಯ. ಕೊಡಗಿನ ತೇವಕ್ಕೆ ಮಂಜು ಕಟ್ಟುತ್ತೆ ಅಂತ ಮಕ್ಕಳು ತೆಗೆದಿಡ್ತಾರೆ. ಒಂದು ಹನಿ ಬೇಬಿ ಶಾಂಪೂ ಸವರಿ ಒಣಬಟ್ಟೆಯಲ್ಲಿ ಒರೆಸಿ, ಒಂದು ಗೇಮ್ ನಿಲ್ಲುತ್ತೆ.

ಶೂ: ಓಡೋ ಶೂ ಹಾಕಿ ಕೋರ್ಟಿಗೆ ಇಳಿಸಬೇಡಿ. ದಪ್ಪ ಅಟ್ಟೆಯಿಂದ ಪಕ್ಕಕ್ಕೆ ತಿರುಗುವಾಗ ಕಾಲು ಮಗುಚುತ್ತೆ. ಗುರುತು ಬೀಳದ ಗಮ್ ರಬ್ಬರ್ ಅಟ್ಟೆಯದು ತಗೊಳ್ಳಿ, ಅದನ್ನು ಹಾಕಿಕೊಂಡು ತೋಟದಲ್ಲಿ ಓಡಾಡೋದು ಬೇಡ.

ಇನ್ನು ತಗಡು, ಅಂದರೆ ಚೆಂಡು ತಾಗಿದರೆ ಔಟ್ ಆಗೋ ಮುಂಗೋಡೆ ಬುಡದ ಪಟ್ಟಿ. ಅದರ ಮೇಲಂಚು ನೆಲದಿಂದ 48 ಸೆಂ.ಮೀ. ಇರಬೇಕು. ಹಳೇ ಕೋರ್ಟುಗಳಲ್ಲಿ ನೆಲ ಮತ್ತೆ ಮತ್ತೆ ಹಾಕಿಸಿ ಎತ್ತರ ಆಗಿ, ತಗಡು ಗಿಡ್ಡ ಆಗಿರುತ್ತೆ. ಟೇಪ್ ಹಿಡಿದು ನೋಡಿ. ವೃತ್ತಿಪರ ಟೂರ್ನಲ್ಲಿ ಗಂಡಸರಿಗೂ ಹೆಂಗಸರಿಗೂ 43 ಸೆಂ.ಮೀ., ಆದರೆ ಅದರ ಚಿಂತೆ ಈಗ ಬೇಡ.


ಚಾಲೆಂಜರ್_15

ಊರು ಬಿಡೋ ಪ್ರಶ್ನೆಗೆ ಬರ್ತೀನಿ. ಹಿಂಗೋಡೆ ಅವರು ‘ತಡವಾದರೂ ಪರವಾಗಿಲ್ಲ’ ಅನ್ನೋ ಹಾಗೆ ಬರೆದದ್ದಕ್ಕೆ ನನ್ನ ಅರ್ಧ ಒಪ್ಪಿಗೆ ಮಾತ್ರ. ಜೋಶ್ನಾ 29ಕ್ಕೆ ಹತ್ತನೇ ಸ್ಥಾನ ಮುಟ್ಟಿದ್ದು ನಿಜ. ಆದರೆ 18ಕ್ಕೇ ಬ್ರಿಟಿಷ್ ಜೂನಿಯರ್ ಗೆದ್ದಿದ್ದರಿಂದಲೇ ಮಿತ್ತಲ್ ಚಾಂಪಿಯನ್ಸ್ ಟ್ರಸ್ಟ್‌ನಂಥವರು ದುಡ್ಡು ಹಾಕಿದರು. ಆ ಟ್ರಸ್ಟ್ ಈಗಿಲ್ಲ. ಜೂನಿಯರ್ ಹೆಸರಿಲ್ಲದೆ ಆ ನಡುವಿನ ವರ್ಷಗಳನ್ನು ಸ್ವಂತ ಖರ್ಚಲ್ಲಿ ದಾಟೋದು ಕಾಫಿ ರೇಟ್ ಚೆನ್ನಾಗಿರೋ ವರ್ಷದಲ್ಲೂ ಕಷ್ಟ.

ಖರ್ಚಿನ ಲೆಕ್ಕ ಹೀಗೆ. ವೃತ್ತಿಪರ ಟೂರ್‌ನ ಕೆಳಹಂತ ಚಾಲೆಂಜರ್, ಹೆಸರಿನ ಜೊತೆ ಬರೋ ಅಂಕಿ ಒಟ್ಟು ಬಹುಮಾನ ಎಷ್ಟು ಸಾವಿರ ಡಾಲರ್ ಅನ್ನೋದು. ಚಾಲೆಂಜರ್ 3 ಅಂದರೆ ಅಷ್ಟೂ ಸ್ಪರ್ಧಿಗಳಿಗೆ ಸೇರಿ 3,000 ಡಾಲರ್. ಜೋಶ್ನಾ 2025ರಲ್ಲಿ ಗೆದ್ದ ಜಪಾನ್ ಓಪನ್ ಚಾಲೆಂಜರ್ 15. ಅಂದರೆ ಗೆದ್ದವರಿಗೂ ಅದರಲ್ಲೊಂದು ಪಾಲು ಮಾತ್ರ, ಮೊದಲ ಸುತ್ತಲ್ಲಿ ಸೋತವರಿಗೆ ರೂಮಿನ ಬಾಡಿಗೆಯೂ ಹುಟ್ಟಲ್ಲ. ವಿಮಾನದ ಟಿಕೆಟ್ ಆಟಗಾರರದ್ದೇ. ಮೇಲಕ್ಕೆ ಹೋದರೆ ಕಾಪರ್, ಬ್ರಾಂಜ್, ಸಿಲ್ವರ್, ಗೋಲ್ಡ್, ಪ್ಲಾಟಿನಂ, ಡೈಮಂಡ್. ಅಲ್ಲಿಗೆ ನೇರ ಪ್ರವೇಶ ರ್‍ಯಾಂಕಿಂಗ್ ಇದ್ದವರಿಗೆ. ಇನ್ನು ಅಂಕಗಳು 12 ತಿಂಗಳಿಗೆ ಉದುರಿಹೋಗ್ತವೆ. ಮಂಡಿ ಗಾಯ ಆಗಿ ಎಂಟು ತಿಂಗಳು ಕೂತರೆ, ವಾಪಸ್ ಬರೋದು ಮತ್ತೆ ಚಾಲೆಂಜರ್ 3ರಿಂದಲೇ ಆಗಬಹುದು. ಜೋಶ್ನಾ ಮರಳಿ ಮರಳಿ ಬಂದದ್ದು ಎಷ್ಟು ದೊಡ್ಡದು ಅನ್ನೋದು ಈ ಲೆಕ್ಕ ಗೊತ್ತಿದ್ದವರಿಗೇ ಅರ್ಥ ಆಗೋದು.

ಅದಕ್ಕೇ ನನ್ನ ಸಲಹೆ: ಈಗಿನಿಂದ 14ರವರೆಗೆ ಗೋಣಿಕೊಪ್ಪದಲ್ಲೇ ಇರಲಿ, ಆದರೆ ತಿಂಗಳಿಗೆ ಎರಡು ವಾರಾಂತ್ಯ ಬೆಂಗಳೂರಿನಲ್ಲಿ ತನಗಿಂತ ಚೆನ್ನಾಗಿ ಆಡೋ ಮಕ್ಕಳ ಜೊತೆ ಆಡಲೇಬೇಕು. ಕೊಡಗಿಗೆ ರೈಲಿಲ್ಲ. ಶುಕ್ರವಾರ ರಾತ್ರಿ ಬಸ್ಸಲ್ಲಿ ಹೊರಟು ಶನಿವಾರ ಬೆಳಿಗ್ಗೆ ನಿದ್ದೆಗಣ್ಣಲ್ಲಿ ಆಡಿಸೋದು ದಂಡ, ಮಂಡಿಗೂ ಒಳ್ಳೆಯದಲ್ಲ. ಶುಕ್ರವಾರ ಶಾಲೆ ಬಿಟ್ಟ ಕೂಡಲೇ ಹೊರಡಿ, ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಬೆಳಿಗ್ಗೆ ಆಟ. ರಾಜ್ಯ ಸಂಸ್ಥೆ ಮತ್ತು ರಾಷ್ಟ್ರೀಯ ಫೆಡರೇಷನ್‌ನಲ್ಲಿ ನೋಂದಣಿ ಈ ವರ್ಷವೇ ಮಾಡಿಸಿ, ಜನನ ಪ್ರಮಾಣಪತ್ರ ಸರಿಯಿರಲಿ. ವಯಸ್ಸಿನ ವಿಭಾಗ 11, 13, 15, 17, 19ರೊಳಗೆ ಅಂತ ನಡೆಯುತ್ತೆ. 13ರೊಳಗಿನ ಕೊನೆಯ ತಿಂಗಳುಗಳು ಬಹಳ ಬೆಲೆಯುಳ್ಳವು, ಆ ವಿಭಾಗದಲ್ಲಿ ದೊಡ್ಡವಳಾಗಿ ಆಡೋ ಅವಕಾಶ ಮತ್ತೆ ಬರಲ್ಲ.

14 ತುಂಬೋ ಹೊತ್ತಿಗೆ ರಾಷ್ಟ್ರೀಯ ಮಟ್ಟದಲ್ಲಿ ತನ್ನ ವಿಭಾಗದ ಮೊದಲ 16ರೊಳಗೆ ಇದ್ದರೆ ಚೆನ್ನೈಗೋ ಬೆಂಗಳೂರಿಗೋ ಕಳಿಸೋ ಮಾತು ಆಡಿ. ಇಲ್ಲದಿದ್ದರೆ ಇನ್ನೊಂದು ವರ್ಷ ನೋಡಿ. ಅನಾಹತ್ 14ಕ್ಕೇ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್‌ನಲ್ಲಿ ಆಡಿದಳು ಅಂತ ಹೋಲಿಸೋಕೆ ಹೋಗಬೇಡಿ, ಅದು ನೂರಕ್ಕೊಂದು.


ಗೋಣಿಕೊಪ್ಪ_ತೋಟ

ಇಷ್ಟು ವಿವರ ನಿರೀಕ್ಷಿಸಿರಲಿಲ್ಲ. ಎರಡು ಕೊನೆಯ ಪ್ರಶ್ನೆ. ಈಗ ಒಲಿಂಪಿಕ್ಸ್‌ಗೆ ಸ್ಕ್ವಾಷ್ ಸೇರಿದೆಯಲ್ಲ, ಅದರಿಂದ ಲೆಕ್ಕ ಬದಲಾಗುತ್ತಾ? ಆಟದಿಂದ ಹೊಟ್ಟೆ ತುಂಬದಿದ್ದರೆ ಓದಿನ ದಾರಿ ಉಳಿಸಿಕೊಳ್ಳೋದು ಹೇಗೆ? ಅಕ್ಕನ ಭಯ ಅದೇ.


ಹಿಂಗೋಡೆ

ಒಲಿಂಪಿಕ್ಸ್: 2023ರ ಅಕ್ಟೋಬರ್‌ನಲ್ಲಿ ಮುಂಬೈನಲ್ಲಿ ನಡೆದ ಅಧಿವೇಶನದಲ್ಲಿ 2028ರ ಲಾಸ್ ಏಂಜಲೀಸ್‌ಗೆ ಸೇರಿಸಿದರು. ಬರೀ ಸಿಂಗಲ್ಸ್, ಗಂಡಸರಿಗೊಂದು ಹೆಂಗಸರಿಗೊಂದು. ನಿಮ್ಮ ಹುಡುಗಿಗೆ 2028 ತೀರಾ ಹತ್ತಿರ. 2032ಕ್ಕೆ ಇರುತ್ತೆ ಅಂತ ಈಗಲೇ ಯೋಜನೆ ಹಾಕಬೇಡಿ. ಇದರಿಂದ ಆಗೋ ನಿಜವಾದ ಬದಲಾವಣೆ ಅಂದರೆ ಸರ್ಕಾರದ, ಕಂಪನಿಗಳ ದುಡ್ಡು ಈ ಆಟದ ಕಡೆ ತಿರುಗೋದು. ಅದು ಸಿಂಗಲ್ಸ್ ಆಡೋರಿಗೆ ಮೊದಲು. ಜೋಶ್ನಾ-ದೀಪಿಕಾ ಜೋಡಿ ದೇಶಕ್ಕೆ ತಂದ ದೊಡ್ಡ ಚಿನ್ನಗಳು ಡಬಲ್ಸ್‌ನಲ್ಲಿ ಅನ್ನೋದನ್ನು ನೆನೆದರೆ ಸ್ವಲ್ಪ ವಿಚಿತ್ರ ಅನಿಸುತ್ತೆ.


ಚಾಲೆಂಜರ್_15

ಓದಿನ ಬಗ್ಗೆ. ಸ್ಕ್ವಾಷ್ ಆಡೋ ಭಾರತದ ಮಕ್ಕಳಿಗೆ ಅಮೆರಿಕದ ಕಾಲೇಜುಗಳು ದೊಡ್ಡ ಬಾಗಿಲು. ವಿಶ್ವಕಪ್ ಗೆದ್ದ ತಂಡದಲ್ಲಿದ್ದ ವೇಲವನ್ ಸೆಂಥಿಲ್‌ಕುಮಾರ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಆಡಿ, ಆಮೇಲೆ ಪೂರ್ತಿ ಟೂರ್‌ಗೆ ಬಂದವರು. ಆದರೆ ಕೊಲಂಬಿಯಾದಂಥ ಐವಿ ಲೀಗ್ ಕಾಲೇಜುಗಳು ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡಲ್ಲ. ಮನೆಯ ಆದಾಯ ನೋಡಿ ನೆರವು ಕೊಡ್ತಾರೆ, ಆಟ ಪ್ರವೇಶಕ್ಕೆ ತೂಕ ಆಗುತ್ತೆ ಅಷ್ಟೇ. ‘ಫುಲ್ ಸ್ಪೋರ್ಟ್ಸ್ ಸ್ಕಾಲರ್‌ಶಿಪ್ ಕೊಡಿಸ್ತೀವಿ’ ಅಂತ ಮೊದಲೇ ದುಡ್ಡು ಕೇಳೋ ಏಜೆಂಟರಿಂದ ದೂರ ಇರಿ. ಒಂಬತ್ತನೇ ತರಗತಿಯಿಂದ ಅಂಕಪಟ್ಟಿ ಲೆಕ್ಕಕ್ಕೆ ಬರುತ್ತೆ. ಕೋಚ್‌ಗಳು ನೋಡೋದು 17 ಮತ್ತು 19ರೊಳಗಿನ ಫಲಿತಾಂಶ, ಬ್ರಿಟಿಷ್ ಜೂನಿಯರ್ ಓಪನ್‌ನಂಥ ಟೂರ್ನಿ, ಮತ್ತು ಪೂರ್ತಿ ಪಂದ್ಯದ ವಿಡಿಯೊ. ಚೆಂದದ ಹೊಡೆತ ಆಯ್ದು ಕತ್ತರಿಸಿ ಅಂಟಿಸಿದ್ದು ನೋಡಲ್ಲ, ಸೋತ ಗೇಮೂ ಇರಲಿ.

ಹಾಗಾಗಿ ಶಾಲೆ ಬಿಡಿಸೋ ಮಾತೇ ಬೇಡ ಅಂತ ಅಕ್ಕನಿಗೆ ಹೇಳಿ. ಊರು ಬಿಟ್ಟ ಮೇಲೂ ಪರೀಕ್ಷೆಗೆ ಹೊಂದಿಕೊಳ್ಳೋ ಶಾಲೆಯನ್ನು ಅಕಾಡೆಮಿಗಿಂತ ಮೊದಲು ಹುಡುಕಿ.


ಮರದನೆಲ

ಎಣ್ಣೆ ಪೇಂಟ್ ಅಂದ್ರಲ್ಲ, ಕ್ಲಬ್ಬಿನವರು ಮೇಲೆ ಇನ್ನೊಂದು ಕೋಟು ಬಳಿಯೋಕೆ ಹೊರಟರೆ ತಡೀರಿ. ಪೂರ್ತಿ ಕೆರೆದು ಗಾರೆಗೆ ಬರಬೇಕು. ಮಾರ್ಚ್-ಏಪ್ರಿಲ್‌ನಲ್ಲೇ ಮಾಡಿಸಿ. ಹೊಸ ಗಾರೆ ತೇಪೆ ಹಾಕಿದರೆ ಅದು ಒಣಗೋಕೆ ವಾರಗಳು ಬೇಕು, ಮೇ ಕೊನೆಗೆ ಕೈ ಹಾಕಿದರೆ ಈ ಮಳೆಗಾಲ ಪೂರ್ತಿ ಕೋರ್ಟು ಬಂದ್. ಮುಂಗೋಡೆಯಿಂದ ಶುರು ಮಾಡಿಸಿ. ದುಡ್ಡು ಸಾಲದಿದ್ದರೆ ಹಿಂಗೋಡೆ ಮುಂದಿನ ವರ್ಷಕ್ಕಿರಲಿ.